ವಾದ, ವಿತಂಡ ಮತ್ತು ಗಂಗೆ

ನಮ್ಮ ಕಡೆಯ ಹಳೆಯ ಮನೆಗಳ ದೇವರ ಗೂಡಿನಲ್ಲಿ, ಸಾಲಿಗ್ರಾಮದ ಸಂಪುಟಕ್ಕೂ ಗಂಧದ ಕೊರಡಿಗೂ ನಡುವೆ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ತಾಮ್ರದ ಗಿಂಡಿ ಇರುತ್ತಿತ್ತು. ಅದರ ಬಾಯನ್ನು ಕಾಶಿಯಲ್ಲಿಯೇ ಬೆಸುಗೆ ಹಾಕಿ ಮುಚ್ಚಿರುತ್ತಿದ್ದರು. ಯಾತ್ರೆಯಿಂದ ಕುಶಲವಾಗಿ ಹಿಂದಿರುಗಿದವರು ಗಂಗಾಸಮಾರಾಧನೆಯನ್ನು ನೆರವೇರಿಸಿ, ಬಂದ ನಂಟರಿಗೆಲ್ಲ ಒಂದೊಂದು ಗಿಂಡಿಯನ್ನು ಕೊಡುತ್ತಿದ್ದರು. ಹಾಗೆ ಬಂದ ಗಿಂಡಿಯು ವರ್ಷಾನುವರ್ಷ ಪೂಜೆಗೊಳ್ಳುತ್ತಿದ್ದು, ಮನೆಯ ಹಿರಿಯರೊಬ್ಬರ ಉಸಿರು ಕ್ಷೀಣಿಸಿದ ಗಳಿಗೆಯಲ್ಲಿ ಮಾತ್ರ ಬಾಯಿ ತೆರೆದು, ತುಳಸಿಯ ದಳದೊಡನೆ ಅವರ ನಾಲಗೆಗೆ ಎರಡು ಹನಿಗಳನ್ನು ಎರೆಯುತ್ತಿತ್ತು. ಒಳಗಿನ ನೀರು ಹೇಗಿದೆಯೆಂದು ಯಾರೂ ಕೇಳಿದವರಲ್ಲ. ಕೇಳಬೇಕೆಂಬ ಭಾವವೇ ಯಾರಲ್ಲಿಯೂ ಹುಟ್ಟುತ್ತಿರಲಿಲ್ಲ. ಮದುವೆಯ ಮಂಟಪವನ್ನು ಏರುವ ಮುನ್ನ ವರನು ಕೊಡೆ ಹಿಡಿದು, ಕೋಲು ಊರಿ, ಕಾಶಿಗೆ ಹೊರಟು ನಿಲ್ಲುವ ಶಾಸ್ತ್ರವನ್ನು ಇಂದಿಗೂ ಉಳಿಸಿಕೊಂಡು ಬಂದಿರುವ ಕನ್ನಡ ಮನೆಗಳಿಗೆ ಕಾಶಿಯೆಂಬುದು ಭೂಪಟದ ಮೇಲಿನ ಒಂದು ಊರಾಗುವುದಕ್ಕೆ ಮೊದಲೇ ಮನಸ್ಸಿನ ಒಂದು ದಿಕ್ಕಾಗಿತ್ತು.

ಆ ದಿಕ್ಕಿನಲ್ಲಿ ಎರಡು ನೂರು ವರ್ಷಗಳಿಂದ ನಡೆದುಬಂದಿರುವ ಒಂದು ವಿವಾದದ ಚರಿತ್ರೆಯನ್ನು ಇಲ್ಲಿ ನಿರೂಪಿಸಬೇಕೆಂದು ನನ್ನ ಬಯಕೆ. ಪ್ರಕೃತಿಯನ್ನು ಅಳೆದು ನೋಡಿದವನು ಬಂದು, ಇದು ಹೀಗಿದೆ, ಹೀಗೆ ಬಿಟ್ಟರೆ ಹೀಗಾಗುವುದು ಎಂದು ಹೇಳಿದಾಗ, ಆಳುವವನು ಆ ಮಾತನ್ನು ಯಾವ ರೀತಿಯಲ್ಲಿ ಕೇಳುತ್ತಾನೆ, ಯಾವ ರೀತಿಯಲ್ಲಿ ಕೇಳದೆ ಉಳಿಯುತ್ತಾನೆ ಎಂಬುದೇ ಆ ವಿವಾದ. ಭೂಮಿಯು ಬಿಸಿಯಾಗುತ್ತಿದೆ, ಅದಕ್ಕೆ ಮನುಷ್ಯನು ಸುಟ್ಟ ಕಲ್ಲಿದ್ದಲೂ ಎಣ್ಣೆಯೂ ಕಾರಣ ಎಂಬ ವಿಷಯದಲ್ಲಿ ಜಗತ್ತಿನ ವಿಜ್ಞಾನಿಗಳು ಒಮ್ಮತಕ್ಕೆ ಬಂದ ಮೇಲೆಯೂ ರಾಜಕಾರಣವು ತೋರುತ್ತಿರುವ ಸಂಶಯವನ್ನು ನಾವು ಸಾಮಾನ್ಯವಾಗಿ ಪಶ್ಚಿಮದ ಸುದ್ದಿಯೆಂದು ಓದಿ ಮಡಿಸಿಡುತ್ತೇವೆ. ಆದರೆ ಆ ಸಂಶಯದ ಹುಟ್ಟು, ಬೆಳೆವಣಿಗೆ, ವೇಷಾಂತರಗಳೆಲ್ಲವೂ ಅಸಿ ಮತ್ತು ವರಣಾ ನದಿಗಳ ನಡುವಿನ ಈ ಏಳು ಕಿಲೋಮೀಟರಿನ ಸೋಪಾನಪಂಕ್ತಿಯ ಮೇಲೆ, ಸಣ್ಣ ಪ್ರಮಾಣದಲ್ಲಿ, ಮೊದಲೇ ಅಭಿನಯಗೊಂಡಿದ್ದವು.

ಕಾಶಿಯು ಭಕ್ತಿಯ ನಗರವೆಂಬುದು ಪ್ರಸಿದ್ಧ. ವಾದದ ನಗರವೂ ಹೌದೆಂಬುದನ್ನು ಮರೆಯಬಾರದು. ಭರತಖಂಡದ ಯಾವ ಮೂಲೆಯಲ್ಲಿ ಹೊಸದೊಂದು ಸಿದ್ಧಾಂತವು ಹುಟ್ಟಿದರೂ ಅದು ಕಾಶಿಯ ವಿದ್ವತ್ಸಭೆಯಲ್ಲಿ ನಿಂತು ಗೆದ್ದಲ್ಲದೆ ಮಾನ್ಯವಾಗುತ್ತಿರಲಿಲ್ಲ. 1869ರ ನವೆಂಬರಿನಲ್ಲಿ ದಯಾನಂದ ಸರಸ್ವತಿಗಳು ವಿಗ್ರಹಾರಾಧನೆಗೆ ವೇದದಲ್ಲಿ ಪ್ರಮಾಣವೆಲ್ಲಿ ಎಂದು ಕೇಳಿ ಇಲ್ಲಿಯ ಪಂಡಿತರೊಡನೆ ನಡೆಸಿದ ಶಾಸ್ತ್ರಾರ್ಥವು ಆ ಪರಂಪರೆಯ ಒಂದು ಪ್ರಸಿದ್ಧ ಪ್ರಸಂಗ. ಇಂಥ ವಾದಗಳಿಗೆ ವ್ಯಾಕರಣವನ್ನು ಒದಗಿಸಿದುದು ಗೌತಮನ ನ್ಯಾಯಶಾಸ್ತ್ರ. ಅದು ಎಣಿಸುವ ಹದಿನಾರು ಪದಾರ್ಥಗಳಲ್ಲಿ ಪ್ರಮಾಣ ಪ್ರಮೇಯಗಳ ಬೆನ್ನಿಗೇ ಬರುವುದು ಸಂಶಯ. ಎಂದರೆ ಸಂಶಯವು ಜ್ಞಾನದ ಶತ್ರುವೆಂದು ನಮ್ಮ ಹಿರಿಯರು ಭಾವಿಸಲಿಲ್ಲ; ಅದಿಲ್ಲದೆ ವಿಚಾರವೇ ಆರಂಭವಾಗದೆಂದು ತಿಳಿದಿದ್ದರು. ಆದರೆ ಅದೇ ಶಾಸ್ತ್ರವು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿತು. ತತ್ತ್ವವನ್ನು ತಿಳಿಯಬೇಕೆಂಬ ಇಚ್ಛೆಯಿಂದ ನಡೆಯುವುದು ವಾದ. ಗೆಲ್ಲಬೇಕೆಂಬ ಇಚ್ಛೆಯಿಂದ ನಡೆಯುವುದು ಜಲ್ಪ. ತನ್ನದೆಂಬ ಯಾವ ಪಕ್ಷವನ್ನೂ ಸ್ಥಾಪಿಸದೆ, ಎದುರಿನವನ ಪಕ್ಷವನ್ನು ಕೆಡವುವುದರಲ್ಲಿಯೇ ತೃಪ್ತವಾಗುವುದು ವಿತಂಡ. ಇಂದು ನಮ್ಮ ಮಾತಿನಲ್ಲಿ ಹಟಮಾರಿಯ ಮಾತಿಗೆಲ್ಲ ಸಲ್ಲುವ ವಿತಂಡವಾದವೆಂಬ ಶಬ್ದದ ಹಿಂದೆ ಇಷ್ಟು ಸೂಕ್ಷ್ಮವಾದ ವಿವೇಚನೆಯಿದೆ. ಈ ಚರಿತ್ರೆಯನ್ನು ಅರ್ಥಮಾಡಿಕೊಳ್ಳಲು ನಮಗೆ ಬೇಕಾದ ದೀಪವೂ ಅದೇ.

ವಾದದ ನಗರವು ಅಳತೆಯ ನಗರವೂ ಆಗಿತ್ತು. ದಶಾಶ್ವಮೇಧ ಘಾಟಿನ ಪಕ್ಕದಲ್ಲಿ, ಆಮೇರಿನ ರಾಜಾ ಮಾನಸಿಂಹನು ಕಟ್ಟಿಸಿದ ಮಾನಮಂದಿರದ ಮಾಳಿಗೆಯ ಮೇಲೆ, 18ನೇ ಶತಮಾನದ ಪೂರ್ವಾರ್ಧದಲ್ಲಿ ಅದೇ ವಂಶದ ಸವಾಯಿ ಜಯಸಿಂಹನು ಇಟ್ಟಿಗೆ ಗಾರೆಗಳಿಂದ ಯಂತ್ರಗಳನ್ನು ನಿಲ್ಲಿಸಿ ಸೂರ್ಯನಕ್ಷತ್ರಗಳ ಗತಿಯನ್ನು ಅಳೆಯಿಸಿದನು. ಪಂಚಾಂಗದ ಗಣಿತಕ್ಕೂ ಆಕಾಶದಲ್ಲಿ ಕಣ್ಣಿಗೆ ಕಾಣುವುದಕ್ಕೂ ಅಂತರವು ಬಂದಲ್ಲಿ ಆಕಾಶವನ್ನೇ ಕೇಳಬೇಕೆಂಬ ನಿಲುವು ಆ ಯಂತ್ರಗಳ ಹಿಂದಿತ್ತು. 1791ರಲ್ಲಿ ಸ್ಥಾಪಿತವಾದ ಸಂಸ್ಕೃತ ಪಾಠಶಾಲೆಯಲ್ಲಿ ಮುಂದೆ ಅಧ್ಯಾಪಕರಾಗಿದ್ದ ಬಾಪುದೇವ ಶಾಸ್ತ್ರಿಗಳು ಸೂರ್ಯಸಿದ್ಧಾಂತವನ್ನು ಇಂಗ್ಲಿಷಿಗೆ ತಂದು, ಭಾರತೀಯ ಗಣಿತವನ್ನೂ ಪಾಶ್ಚಾತ್ಯ ಗಣಿತವನ್ನೂ ಒಂದೇ ಪೀಠದಿಂದ ಬೋಧಿಸಿದರು. 1820ರಲ್ಲಿ ಇಲ್ಲಿಯ ಟಂಕಸಾಲೆಗೆ ಲೋಹಪರೀಕ್ಷಕನಾಗಿ ಬಂದ ತರುಣ ಜೇಮ್ಸ್ ಪ್ರಿನ್ಸೆಪನು ಹತ್ತು ವರ್ಷಗಳ ಕಾಲ ಈ ನಗರದಲ್ಲಿದ್ದು, ಇದರ ಬೀದಿಗಳ ನಕ್ಷೆಯನ್ನು ಬರೆದನು, ಜನರನ್ನು ಎಣಿಸಿದನು, ಕೊಳಚೆಯನ್ನು ಸಾಗಿಸಲು ನೆಲದಡಿಯಲ್ಲಿ ಕಾಲುವೆಯನ್ನು ತೆಗೆಯಿಸಿದನು. ಬ್ರಾಹ್ಮೀಲಿಪಿಯನ್ನು ಓದಿ ಅಶೋಕನ ಶಾಸನಗಳಿಗೆ ನಾಲಗೆಯನ್ನು ಕೊಟ್ಟವನೆಂದು ನಾವು ಸ್ಮರಿಸುವ ಆ ಪ್ರಿನ್ಸೆಪನೇ ಕಾಶಿಯಲ್ಲಿದ್ದಾಗ ವಾಯುಭಾರಮಾಪಕವನ್ನೂ ಉಷ್ಣಮಾಪಕವನ್ನೂ ಇಟ್ಟುಕೊಂಡು, 1824ರಿಂದ 1826ರವರೆಗಿನ ಹವೆಯ ದಿನಚರಿಯನ್ನು ಬರೆದು, ಅದರ ಸಾರವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಈ ನಗರದ ಬಿಸಿಲಿಗೆ ಅಂಕಿಯ ರೂಪವು ಬಂದುದು ಅಂದಿನಿಂದ. ಅವನು ತೆಗೆಯಿಸಿದ ಕಾಲುವೆಯ ಹೊರೆಯಾದರೋ ಕಡೆಗೆ ಸೇರಿದುದು ಗಂಗೆಯನ್ನೇ. ಒಬ್ಬನೇ ಮನುಷ್ಯನ ಕೈಯಿಂದ ಈ ಊರಿನ ಹವೆಯ ಲೆಕ್ಕವೂ ನದಿಯ ದುಃಖವೂ ಆರಂಭವಾದುವೆಂಬುದನ್ನು ನೆನೆದಾಗ ಮನಸ್ಸು ಗಂಭೀರವಾಗುತ್ತದೆ.

1896ನೆಯ ವರ್ಷವು ಈ ಕಥೆಯಲ್ಲಿ ಎರಡು ಕಾರಣಗಳಿಂದ ಮುಖ್ಯವಾದುದು. ಆ ವರ್ಷ, ಆಗ್ರಾ ನಗರದಲ್ಲಿ ಸರ್ಕಾರಿ ಪರೀಕ್ಷಕನಾಗಿದ್ದ ಅರ್ನೆಸ್ಟ್ ಹ್ಯಾನ್‌ಕಿನ್ ಎಂಬ ವಿಜ್ಞಾನಿಯು ಗಂಗೆ ಯಮುನೆಗಳ ನೀರಿನಲ್ಲಿ ಕಾಲರಾ ರೋಗದ ಅಣುಜೀವಿಗಳು ಕೆಲವೇ ಗಂಟೆಗಳಲ್ಲಿ ಸಾಯುತ್ತವೆಂದೂ, ನೀರನ್ನು ಕುದಿಸಿದರೆ ಆ ಗುಣವು ಹೋಗಿಬಿಡುತ್ತದೆಂದೂ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಪತ್ರಿಕೆಯಲ್ಲಿ ಬರೆದನು. ಅಣುಜೀವಿಗಳನ್ನೇ ತಿನ್ನುವ ವೈರಾಣುಗಳು, ಬ್ಯಾಕ್ಟೀರಿಯೋಫೇಜುಗಳು, ಈ ಗುಣಕ್ಕೆ ಕಾರಣವಿದ್ದೀತೆಂಬುದು 1917ರ ಬಳಿಕ ಹೊಳೆದ ವಿಷಯ. ಹ್ಯಾನ್‌ಕಿನ್ನನ ಮಾತು ಅಳತೆಯಿಂದ ಬಂದ ಸತ್ಯವಾಗಿತ್ತು. ಆದರೆ ಅದಕ್ಕೆ ಒಂದು ಮಿತಿಯಿತ್ತು: ಅದು ಕಾಲರಾದ ಅಣುಜೀವಿಗಳನ್ನು ಕುರಿತ ಮಾತು ಮಾತ್ರ. ಮಿತಿಯನ್ನು ಬಿಟ್ಟು ಗುಣವನ್ನು ಮಾತ್ರ ಹಿಡಿದುಕೊಂಡ ಮುಂದಿನವರು, ಗಂಗೆಯು ತನ್ನನ್ನು ತಾನೇ ಶುದ್ಧಿಗೊಳಿಸಿಕೊಳ್ಳುವಳು, ಆದಕಾರಣ ನಾವು ಮಾಡಬೇಕಾದುದೇನೂ ಇಲ್ಲ ಎಂಬ ತೀರ್ಮಾನಕ್ಕೆ ಅದನ್ನು ಮೆಟ್ಟಿಲಾಗಿ ಮಾಡಿಕೊಂಡರು. ಅದೇ 1896ರಲ್ಲಿ ಸ್ವೀಡನ್ ದೇಶದ ಸ್ವಾಂಟೆ ಅರೇನಿಯಸ್ ಎಂಬಾತನು, ವಾಯುಮಂಡಲದಲ್ಲಿ ಇಂಗಾಲದ ಡೈಆಕ್ಸೈಡು ಇಮ್ಮಡಿಯಾದರೆ ಭೂಮಿಯ ಉಷ್ಣತೆಯು ಐದಾರು ಡಿಗ್ರಿಗಳಷ್ಟು ಏರುವುದೆಂದು ಕೈಯಿಂದಲೇ ಗುಣಿಸಿ ಭಾಗಿಸಿ ಲೆಕ್ಕಹಾಕಿದನು. ಒಂದೇ ವರ್ಷದಲ್ಲಿ ಹುಟ್ಟಿದ ಈ ಎರಡು ಲೇಖನಗಳಲ್ಲಿ ಒಂದು ನೆಮ್ಮದಿಯನ್ನು ಕೊಡುವಂಥದು, ಇನ್ನೊಂದು ನಿದ್ರೆಯನ್ನು ಕೆಡಿಸುವಂಥದು. ಮನುಷ್ಯನು ಮೊದಲನೆಯದನ್ನು ಒಡನೆಯೇ ನಂಬಿದನು. ಎರಡನೆಯದಕ್ಕೆ ನೂರು ವರ್ಷಗಳ ಸಾಕ್ಷ್ಯವನ್ನು ಕೇಳಿದನು.

ಕಾಶಿಯ ಜನರು ನದಿಯ ವಿಷಯದಲ್ಲಿ ಅಳುವವರಾಗಿ ಮಾತ್ರ ಉಳಿದವರಲ್ಲ. ಹರಿದ್ವಾರದಲ್ಲಿ ಕಾಲುವೆಗಾಗಿ ಗಂಗೆಯನ್ನು ತಡೆಯುವ ಯೋಜನೆಯು ಬಂದಾಗ, ಕಾಶಿಯ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಆಗತಾನೆ ಅಸ್ತಿಭಾರವನ್ನು ಹಾಕಿಸಿದ್ದ ಮದನಮೋಹನ ಮಾಲವೀಯರು ರಾಜಮಹಾರಾಜರನ್ನೂ ಸಾಧುಸಂತರನ್ನೂ ಜೊತೆಗೂಡಿಸಿಕೊಂಡು ಹೋರಾಡಿ, 1916ರ ಡಿಸೆಂಬರಿನಲ್ಲಿ ಸರ್ಕಾರದಿಂದ ಒಂದು ಒಪ್ಪಂದವನ್ನು ಪಡೆದರು. ಅಲ್ಲಿಯ ಹರ್ ಕಿ ಪೈಡಿ ಸ್ನಾನಘಟ್ಟಕ್ಕೆ 1000 ಕ್ಯೂಸೆಕ್ಸಿಗೆ ಕಡಿಮೆಯಿಲ್ಲದ ಅಖಂಡ ಧಾರೆಯು ಹರಿಯಬೇಕೆಂದು ಅದರಲ್ಲಿ ನಿಶ್ಚಯವಾಯಿತು. ಗಮನಿಸತಕ್ಕ ಸಂಗತಿಯೆಂದರೆ, ಅಲ್ಲಿ ಶ್ರದ್ಧೆಯು ಎಂಜಿನಿಯರಿನ ಭಾಷೆಯಲ್ಲಿ ಮಾತನಾಡಿತು. ತಾಯಿಯ ಮಾನವನ್ನು ಕಾಯಲು ಹೊರಟವರು ತಾಯಿಗೆ ಇಂತಿಷ್ಟು ಘನ ಅಡಿಗಳ ನೀರು ಬೇಕೆಂದು ಬರೆಸಿಕೊಂಡರು.

ಆ ಭಾಷೆಯನ್ನು ಪೂರ್ಣವಾಗಿ ಮೈಗೂಡಿಸಿಕೊಂಡವರು ಮಾಲವೀಯರ ವಿಶ್ವವಿದ್ಯಾನಿಲಯದಲ್ಲಿಯೇ ಮುಂದೆ ಹುಟ್ಟಿಬಂದರು. ತುಲಸೀದಾಸರ ನೆನಪಿನೊಡನೆ ಬೆಸೆದುಕೊಂಡಿರುವ ಸಂಕಟಮೋಚನ ಹನುಮಂತನ ಗುಡಿಗೆ ಹದಿಹರೆಯದಲ್ಲಿಯೇ ಮಹಂತರಾದ ವೀರಭದ್ರ ಮಿಶ್ರರು, ಅರ್ಚನೆಯನ್ನೂ ಬಿಡದೆ ವಿದ್ಯೆಯನ್ನೂ ಬಿಡದೆ, ಜಲಬಲಶಾಸ್ತ್ರದಲ್ಲಿ ಪ್ರಾಧ್ಯಾಪಕರಾಗಿ ಸಿವಿಲ್ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರ ಸ್ಥಾನಕ್ಕೆ ಏರಿದರು. ತುಲಸೀಘಾಟಿನ ಮೆಟ್ಟಿಲಿಳಿದು ಪ್ರತಿದಿನ ಗಂಗೆಯಲ್ಲಿ ಮುಳುಗುತ್ತಿದ್ದ ಅವರಿಗೆ, ಆ ನೀರಿನಲ್ಲಿ ಏನಿದೆಯೆಂಬುದು ಮುಳುಗುವ ಇತರ ಎಲ್ಲರಿಗಿಂತಲೂ ಚೆನ್ನಾಗಿ ತಿಳಿದಿತ್ತು. ಅರಿತೂ ಮುಳುಗುವುದನ್ನು ಅವರು ಬಿಡಲಿಲ್ಲ. ಮುಳುಗುತ್ತಿದ್ದೇನೆಂಬ ಕಾರಣದಿಂದ ಅರಿವನ್ನು ಮುಚ್ಚಿಡಲೂ ಇಲ್ಲ. ಗಂಗೆ ಮಲಿನಳಾಗಿದ್ದಾಳೆಂದು ಒಮ್ಮೆಗೇ ಹೇಳಿದರೆ ಭಕ್ತನು ಕಿವಿಮುಚ್ಚಿಕೊಳ್ಳುವನು, ಕೊಳಚೆಯ ಬಾಯಿಗೆ ಕರೆದೊಯ್ದು ತಾಯಿಗೆ ಆಗುತ್ತಿರುವ ಅಪಮಾನವನ್ನು ನೋಡೆಂದರೆ ಅವನೇ ಜೊತೆಗೆ ಬರುವನು ಎಂಬುದು ಅವರ ಅನುಭವವಾಗಿತ್ತು. ಜೀವನವನ್ನು ಅವರು ಪ್ರವಾಹಕ್ಕೆ ಹೋಲಿಸುತ್ತಿದ್ದರು. ಅದರ ಒಂದು ದಡ ವೇದ, ಇನ್ನೊಂದು ದಡ ವಿಜ್ಞಾನ, ಎರಡರಲ್ಲಿ ಯಾವುದು ಕುಸಿದರೂ ನೀರು ಚೆದುರಿಹೋಗುವುದೆಂಬುದು ಅವರ ನಂಬಿಕೆ. 1982ರಲ್ಲಿ ಅವರು ಸಂಕಟಮೋಚನ ಪ್ರತಿಷ್ಠಾನವನ್ನು ಕಟ್ಟಿ ಸ್ವಚ್ಛಗಂಗಾ ಆಂದೋಲನವನ್ನು ಆರಂಭಿಸಿದರು.

1986ರ ಜೂನ್ 14ರಂದು ಪ್ರಧಾನಮಂತ್ರಿ ರಾಜೀವ್ ಗಾಂಧಿಯವರು ಇದೇ ಕಾಶಿಯ ರಾಜೇಂದ್ರಪ್ರಸಾದ್ ಘಾಟಿನಲ್ಲಿ ಗಂಗಾ ಕ್ರಿಯಾ ಯೋಜನೆಯನ್ನು ಉದ್ಘಾಟಿಸಿದಾಗ, ಆಂದೋಲನದವರ ಹೃದಯಗಳು ಸಹಜವಾಗಿಯೇ ತುಂಬಿ ಬಂದವು. ದೀನಾಪುರದಲ್ಲಿ ದಿನಕ್ಕೆ 8 ಕೋಟಿ ಲೀಟರುಗಳ ಕೊಳಚೆಯನ್ನು ಶುದ್ಧಿಮಾಡುವ ಸ್ಥಾವರವು ಎದ್ದಿತು. ಭಗವಾನಪುರದಲ್ಲಿಯೂ ರೈಲ್ವೆಯ ಡೀಸೆಲ್ ಎಂಜಿನ್ ಕಾರ್ಖಾನೆಯಲ್ಲಿಯೂ ಚಿಕ್ಕ ಸ್ಥಾವರಗಳು ಬಂದವು. ಹರಿಶ್ಚಂದ್ರ ಘಾಟಿನಲ್ಲಿ ವಿದ್ಯುತ್ ಚಿತಾಗಾರವು ನಿಂತಿತು. ಶವಶೇಷಗಳನ್ನು ತಿನ್ನಲೆಂದು ಆಮೆಗಳನ್ನು ಬಿಟ್ಟರು. ಆದರೆ ಕೊಳಚೆಯನ್ನು ಮೇಲೆತ್ತುವ ಪಂಪುಗಳು ವಿದ್ಯುತ್ತಿನಿಂದ ನಡೆಯಬೇಕು, ವಿದ್ಯುತ್ತು ಗಂಟೆಗಟ್ಟಲೆ ಬರುತ್ತಿರಲಿಲ್ಲ. ಪಂಪು ನಿಂತೊಡನೆ ಕೊಳಚೆಯು ತನ್ನ ಹಳೆಯ ದಾರಿಯನ್ನು ಹಿಡಿಯುತ್ತಿತ್ತು. ಸ್ಥಾವರಗಳು ಆರಿಸಿಕೊಂಡ ವಿಧಾನವೂ ಮಲಜನ್ಯ ಅಣುಜೀವಿಗಳನ್ನು ಕೊಲ್ಲುವುದಕ್ಕೆ ಸಾಲದಾಗಿತ್ತು. ಸ್ನಾನದ ನೀರಿನ ಪ್ರತಿ 100 ಮಿಲಿಲೀಟರಿಗೆ ಇಂಥ ಅಣುಜೀವಿಗಳು 500ನ್ನು ಮೀರದಿರುವುದು ಅಪೇಕ್ಷಣೀಯ, 2500 ಕಟ್ಟಕಡೆಯ ಮಿತಿ. ತುಲಸೀಘಾಟಿನಲ್ಲಿ ಪ್ರತಿಷ್ಠಾನವು ತನ್ನದೇ ಪ್ರಯೋಗಶಾಲೆಯನ್ನು ಇಟ್ಟು, ಘಾಟಿನಿಂದ ಘಾಟಿಗೆ ಸೀಸೆಗಳಲ್ಲಿ ನೀರನ್ನು ತುಂಬಿ ತಂದು ಎಣಿಸಲಾಗಿ, ಅಂಕಿಗಳು ಆ ಮಿತಿಯ ಮೇಲೆ ಅನೇಕ ಪಟ್ಟು, ವರಣಾ ಸಂಗಮದ ಕೆಳಗೆ ಊಹೆಗೆ ಮೀರಿದಷ್ಟು, ನಿಂತಿದ್ದವು.

ನಿಜವಾದ ಕಥೆ ಆರಂಭವಾಗುವುದು ಇಲ್ಲಿ. ಸರ್ಕಾರಿ ವರದಿಗಳು ನೀರಿನಲ್ಲಿ ಕರಗಿದ ಆಮ್ಲಜನಕದ ಲೆಕ್ಕವನ್ನು ಮುಂದಿಟ್ಟು ಸುಧಾರಣೆಯಾಗಿದೆಯೆಂದವು. ಅದರಲ್ಲಿ ಸತ್ಯದ ಅಂಶವಿಲ್ಲದಿರಲಿಲ್ಲ. ಮಹಂತರು ಅಣುಜೀವಿಗಳ ಲೆಕ್ಕವನ್ನು ಮುಂದಿಟ್ಟು, ಸ್ನಾನಮಾಡುವವನಿಗೆ ಬೇಕಾದ ಸತ್ಯವು ಇದು ಎಂದರು. ಅವರು ಪರಪಕ್ಷವನ್ನು ಖಂಡಿಸಿ ಸುಮ್ಮನಾಗಲಿಲ್ಲ. ಕ್ಯಾಲಿಫೋರ್ನಿಯದ ವಿಲಿಯಂ ಓಸ್ವಾಲ್ಡ್ ಎಂಬ ತಜ್ಞರ ನೆರವನ್ನು ಪಡೆದು, ಘಾಟುಗಳ ಉದ್ದಕ್ಕೂ ಕೊಳಚೆಯನ್ನು ಇಳಿಜಾರಿನಲ್ಲಿ ತಾನಾಗಿಯೇ ಹರಿಯುವಂತೆ ತಡೆದು, ಊರಿನ ಹೊರಗಿನ ಕೊಳಗಳ ಸರಣಿಯಲ್ಲಿ ಪಾಚಿಯೂ ಬಿಸಿಲೂ ಅದನ್ನು ಶುದ್ಧಿಮಾಡುವಂಥ, ವಿದ್ಯುತ್ತನ್ನು ಹೆಚ್ಚು ಬೇಡದ ಒಂದು ಯೋಜನೆಯನ್ನು ರಚಿಸಿ ಕೊಟ್ಟರು. ಇದು ವಾದ. ಸ್ವಪಕ್ಷವಿದೆ, ಪ್ರಮಾಣವಿದೆ, ಪ್ರಯೋಜನವಿದೆ. ಎದುರಿಗೆ ಬಂದುದಾದರೋ ವರ್ಷಗಳ ವಿಳಂಬ. ಮೊದಲ ಹಂತದ ಯೋಜನೆಯು 2000ದ ಮಾರ್ಚಿನಲ್ಲಿ ಮುಗಿಯಿತೆಂದು ಸಾರಲಾಯಿತು; ಅದೇ ವರ್ಷ ಭಾರತದ ಮಹಾಲೇಖಪಾಲರ ಪರಿಶೋಧನೆಯು ಅದರ ಕೊರತೆಗಳನ್ನು ಎತ್ತಿ ತೋರಿಸಿತು. 2013ರ ಮಾರ್ಚ್ 13ರಂದು ಮಿಶ್ರರು ತೀರಿಕೊಂಡರು. ಲೋಕವು ಅವರನ್ನು ಗೌರವಿಸಿತ್ತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 1992ರಲ್ಲಿಯೇ ಅವರ ಹೆಸರನ್ನು ತನ್ನ ಗೌರವಪಟ್ಟಿಯಲ್ಲಿ ಬರೆದಿತ್ತು. ಅವರು ಬಯಸಿದ್ದ ನದಿಯನ್ನು ಮಾತ್ರ ಅವರು ಕಾಣಲಿಲ್ಲ.

ನದಿಯ ನಡುದಾರಿಯಲ್ಲಿ ನಡೆದ ಈ ವಿವಾದವು ನದಿಯ ತಲೆಯಲ್ಲಿಯೂ ನಡೆಯಿತು. ಗೋಮುಖದಲ್ಲಿ ಭಾಗೀರಥಿಯನ್ನು ಹೆರುವ ಗಂಗೋತ್ರಿ ಹಿಮನದಿಯು ಸುಮಾರು 30 ಕಿಲೋಮೀಟರುಗಳ ಉದ್ದದ್ದು. ಅದು ಹಿಂದೆ ಸರಿಯುತ್ತಿದೆಯೆಂಬುದನ್ನು ಭೂವಿಜ್ಞಾನಿಗಳು ಬಹುಕಾಲದಿಂದ ಗುರುತಿಸುತ್ತ ಬಂದಿದ್ದರು. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಮಂಡಲಿಯು 2007ರ ತನ್ನ ವರದಿಯಲ್ಲಿ, ಹಿಮಾಲಯದ ಹಿಮನದಿಗಳು 2035ರ ವೇಳೆಗೆ ಅಳಿದುಹೋಗಬಹುದೆಂದು ಬರೆಯಿತು. ಆ ಮಂಡಲಿಯ ಅಧ್ಯಕ್ಷರಾಗಿದ್ದ ರಾಜೇಂದ್ರ ಪಚೌರಿಯವರು ತಮ್ಮ ವೃತ್ತಿಜೀವನವನ್ನು ತೊಡಗಿದುದು ವಾರಾಣಸಿಯ ಡೀಸೆಲ್ ಎಂಜಿನ್ ಕಾರ್ಖಾನೆಯಲ್ಲಿ ಎಂಬುದು ಇಲ್ಲಿ ಸ್ಮರಣೀಯ. 2009ರ ನವೆಂಬರಿನಲ್ಲಿ, ನಮ್ಮ ಚಿಕ್ಕಮಗಳೂರಿನಲ್ಲಿ ಹುಟ್ಟಿ ಅಂದು ಕೇಂದ್ರದ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶರು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ನಿವೃತ್ತ ಅಧಿಕಾರಿ ವಿ. ಕೆ. ರೈನಾ ಅವರ ಒಂದು ಪ್ರಬಂಧವನ್ನು ಬಿಡುಗಡೆಮಾಡಿದರು. ಹಿಮಾಲಯದ ಹಿಮನದಿಗಳ ಹಿನ್ನಡೆಯನ್ನು ಅಸಾಧಾರಣವೆನ್ನಲಾಗದು, ಅದಕ್ಕೆ ಭೂತಾಪದ ಏರಿಕೆಯೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ, ಗಂಗೋತ್ರಿಯ ಹಿನ್ನಡೆಯೂ ಈಚೆಗೆ ಬಹುಮಟ್ಟಿಗೆ ತಗ್ಗಿದೆಯೆಂಬುದು ಆ ಪ್ರಬಂಧದ ನಿಲುವು. ಪಚೌರಿಯವರು ಇದನ್ನು ಮಾಟಮಂತ್ರದ ವಿಜ್ಞಾನವೆಂದು ಜರೆದರು. ಪ್ರಬಂಧವು ಹೊರಬಂದು ಮೂರು ತಿಂಗಳು ಕಳೆಯುವುದರೊಳಗೆ, 2010ರ ಜನವರಿ 20ರಂದು, 2035 ಎಂಬ ಅಂಕಿಗೆ ಸರಿಯಾದ ಆಧಾರವಿಲ್ಲವೆಂದು ಮಂಡಲಿಯೇ ಒಪ್ಪಿಕೊಂಡು ವಿಷಾದವನ್ನು ಸೂಚಿಸಬೇಕಾಯಿತು.

ಈ ಪ್ರಸಂಗವನ್ನು ನಾವು ನಿಧಾನವಾಗಿ ನೋಡಬೇಕು. ರೈನಾ ಅವರು ಹಿಮನದಿಗಳ ಮೇಲೆ ನಡೆದು ಅಳೆದವರು. ಅವರ ಸಂಶಯವು ನ್ಯಾಯಶಾಸ್ತ್ರವು ಗೌರವಿಸುವ ಸಂಶಯ. ತಪ್ಪು ಅಂಕಿಯೊಂದನ್ನು ತಪ್ಪೆಂದು ತೋರಿಸಿದುದರಿಂದ ವಿಜ್ಞಾನಕ್ಕೆ ಉಪಕಾರವೇ ಆಯಿತು. ಅದನ್ನು ಕೇಳುವ ತಾಳ್ಮೆಯಿಲ್ಲದೆ ಜರೆದ ಮಾತು ವಾದದ ಮರ್ಯಾದೆಗೆ ತಕ್ಕುದಾಗಿರಲಿಲ್ಲ. ಆದರೆ ಒಂದು ಅಂಕಿಯು ಬಿದ್ದುದನ್ನು ಕಂಡು, ಇಡೀ ಸಿದ್ಧಾಂತವೇ ಬಿತ್ತೆಂದು ಅನೇಕ ದೇಶಗಳ ರಾಜಕಾರಣಿಗಳು ಸಂತೋಷಪಟ್ಟರು, ಅದು ವಿತಂಡ. ಹಿಮನದಿಯು 2035ಕ್ಕೆ ಅಳಿಯುವುದಿಲ್ಲವೆಂದಾದರೆ, ಯಾವಾಗ, ಎಷ್ಟು, ಯಾವ ಕಾರಣದಿಂದ ಎಂದು ಕೇಳುವುದು ವಾದಿಯ ಧರ್ಮ. ಆ ಪ್ರಶ್ನೆಯನ್ನು ಕೇಳಿದವರು ಮತ್ತೆ ವಿಜ್ಞಾನಿಗಳೇ. ಹತ್ತು ವರ್ಷಗಳ ಬಳಿಕ, 2019ರಲ್ಲಿ, ಕಾಠ್ಮಂಡುವಿನ ಪರ್ವತಾಭಿವೃದ್ಧಿ ಸಂಸ್ಥೆಯ ನೇತೃತ್ವದಲ್ಲಿ ಹೊರಬಂದ ಸಮೀಕ್ಷೆಯು ಉತ್ತರವನ್ನು ಕೊಟ್ಟಿತು: ಭೂಮಿಯ ತಾಪದ ಏರಿಕೆಯನ್ನು 1.5 ಡಿಗ್ರಿಯೊಳಗೆ ತಡೆದರೂ ಈ ಶತಮಾನದ ಅಂತ್ಯಕ್ಕೆ ಹಿಂದೂಕುಶ ಹಿಮಾಲಯದ ಹಿಮನದಿಗಳ ಮೂರರಲ್ಲೊಂದು ಭಾಗವು ಹೋಗುತ್ತದೆ, ಇಂದಿನಂತೆಯೇ ಹೊಗೆಯಾಡಿದರೆ ಮೂರರಲ್ಲೆರಡು ಭಾಗ. ತಿದ್ದಿಕೊಂಡ ಸತ್ಯವು ಮೊದಲಿನದಕ್ಕಿಂತ ನಿಧಾನವಾದುದು; ಸುಳ್ಳಾಗುವ ಸಂಭವವೂ ಅದಕ್ಕಿಂತ ಕಡಿಮೆ.

ಭಾರತೀಯರ ಸಂಶಯಕ್ಕೆ ಇನ್ನೊಂದು ಮುಖವಿದೆ, ಅದನ್ನು ವಿತಂಡವೆನ್ನುವುದು ಅನ್ಯಾಯವಾದೀತು. 1991ರಲ್ಲಿ ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ ಅವರು, ಶ್ರೀಮಂತರ ವಿಲಾಸದ ಹೊಗೆಯನ್ನೂ ಬಡವರ ಬದುಕಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂದು ಜಗತ್ತಿಗೆ ಹೇಳಿದರು. ಅವರು ಭೂಮಿಯ ತಾಪವನ್ನು ಅಲ್ಲಗಳೆಯಲಿಲ್ಲ, ಅದರ ಹೊರೆಯ ಹಂಚಿಕೆಯನ್ನು ಪ್ರಶ್ನಿಸಿದರು. ಮಣಿಕರ್ಣಿಕೆಯ ಘಾಟಿನಲ್ಲಿ ಹೆಣ ಸುಡುವ ಡೋಮನೂ ದಶಾಶ್ವಮೇಧದ ಅಂಬಿಗನೂ ಗಾಳಿಗೆ ಸೇರಿಸಿದ ಇಂಗಾಲವೆಷ್ಟು, ಅವರು ಹೊರುತ್ತಿರುವ ಬಿಸಿಲೆಷ್ಟು ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಅನುಚಿತವಾಗುವುದು ಯಾವಾಗ ಎಂದರೆ, ಆ ಅಂಬಿಗನ ಹೆಸರನ್ನು ಹೇಳಿ ಆಳುವವನು ತನ್ನ ಕರ್ತವ್ಯವನ್ನು ಮುಂದೂಡಿದಾಗ.

2014ರಲ್ಲಿ ವಾರಾಣಸಿಯಿಂದ ಲೋಕಸಭೆಗೆ ಆರಿಸಿಬಂದು ಪ್ರಧಾನಮಂತ್ರಿಗಳಾದ ನರೇಂದ್ರ ಮೋದಿಯವರು, ಆ ವರ್ಷದ ಶಿಕ್ಷಕರ ದಿನದಂದು ಅಸ್ಸಾಮಿನ ಒಬ್ಬ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರಕೊಡುತ್ತ, ಬದಲಾಗಿರುವುದು ಹವಾಮಾನವೋ ನಾವೋ ಎಂದು ಕೇಳಿದರು; ಮುಪ್ಪಿನಲ್ಲಿ ತಾಳುವ ಶಕ್ತಿ ಕುಗ್ಗಿದವರಿಗೆ ಈ ಬಾರಿ ಚಳಿ ಹೆಚ್ಚೆಂದು ತೋರುವುದನ್ನು ದೃಷ್ಟಾಂತವಾಗಿ ಕೊಟ್ಟರು. ಪ್ರಕೃತಿಯೊಡನೆ ಹೋರಾಡದೆ ಬಾಳಬೇಕೆಂಬ ಉಪದೇಶವೂ ಆ ಉತ್ತರದಲ್ಲಿತ್ತು. ಗುಜರಾತಿನ ಮುಖ್ಯಮಂತ್ರಿಗಳಾಗಿದ್ದಾಗ ಇದೇ ಹವಾಮಾನದ ಸಮಸ್ಯೆಯನ್ನು ಕುರಿತು 2011ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದ್ದವರೂ, 2015ರಲ್ಲಿ ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ಸೌರ ಒಕ್ಕೂಟಕ್ಕೆ ನಾಂದಿಯನ್ನು ಹಾಡಿದವರೂ ಅವರೇ. ಹಾಗಿದ್ದರೂ ಮುದುಕನ ಚಳಿಯ ಆ ದೃಷ್ಟಾಂತವನ್ನು ಪರೀಕ್ಷಿಸಲೇಬೇಕು. ಮುದುಕನ ಮೈ ಸಾಕ್ಷಿಯಲ್ಲವೆಂಬುದು ನಿಜ. ಅದಕ್ಕಾಗಿಯೇ ಅಲ್ಲವೇ ಉಷ್ಣಮಾಪಕವನ್ನು ಕಂಡುಹಿಡಿದುದು? ಪ್ರಿನ್ಸೆಪನ ಪಾದರಸಕ್ಕೆ ಮುಪ್ಪಿರಲಿಲ್ಲ. 1958ರಿಂದ ಹವಾಯಿ ದ್ವೀಪದ ಮೌನಾ ಲೋವ ಪರ್ವತದಲ್ಲಿ ನಡೆಯುತ್ತಿರುವ ಎಣಿಕೆಯಲ್ಲಿ ಇಂಗಾಲದ ಡೈಆಕ್ಸೈಡು ಹತ್ತು ಲಕ್ಷದಲ್ಲಿ ಸುಮಾರು 315 ಭಾಗಗಳಿದ್ದುದು ಈಗ 420ನ್ನು ದಾಟಿದೆ. ಅದರ ಅರಿವಿಗೂ ಯಾರ ಮೈಚಳಿಗೂ ಸಂಬಂಧವಿಲ್ಲ. ಅಮೆರಿಕದ ಸೆನೆಟ್ ಸಭೆಗೆ 2015ರ ಫೆಬ್ರವರಿಯಲ್ಲಿ ಒಬ್ಬ ಸದಸ್ಯನು ಹಿಮದ ಉಂಡೆಯನ್ನು ತಂದು, ಹೊರಗೆ ಚಳಿಯಿದೆಯಲ್ಲ ಎಂದು ತೋರಿಸಿದಾಗಲೂ ನಡೆದುದು ಇದೇ ದೋಷ: ಒಂದು ದಿನದ ಅನುಭವವನ್ನು ನೂರು ವರ್ಷಗಳ ಲೆಕ್ಕಕ್ಕೆ ಎದುರಾಗಿ ನಿಲ್ಲಿಸುವುದು.

ಅಳೆದವನ ಮಾತನ್ನು ಕೇಳದೆ ಉಳಿಯುವ ದೋಷಕ್ಕೆ ಪಕ್ಷದ ಮಿತಿಯೂ ಇಲ್ಲ, ಪ್ರಾಂತದ ಮಿತಿಯೂ ಇಲ್ಲ. ಅಲಕನಂದಾ ಭಾಗೀರಥಿಗಳ ಧಾರೆಯನ್ನು ಉಳಿಸಲೆಂದು, ಕಾನ್ಪುರದ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಲಿಯ ಮೊದಲ ಸದಸ್ಯ ಕಾರ್ಯದರ್ಶಿಗಳೂ ಆಗಿದ್ದು ಮುಂದೆ ಸನ್ಯಾಸವನ್ನು ಸ್ವೀಕರಿಸಿದ ಜಿ. ಡಿ. ಅಗರವಾಲರು ಒಂದಾದ ಮೇಲೊಂದು ಸರ್ಕಾರಗಳ ಕಾಲದಲ್ಲಿ ಉಪವಾಸ ಕುಳಿತು, ಕಡೆಗೆ 2018ರ ಅಕ್ಟೋಬರ್ 11ರಂದು, 111 ದಿನಗಳ ನಿರಶನದ ಬಳಿಕ ಪ್ರಾಣವನ್ನು ಬಿಟ್ಟರು. 2025ರ ಫೆಬ್ರವರಿಯಲ್ಲಿ ಕಾಶಿಯ ಮೇಲಣ ಪ್ರಯಾಗದಲ್ಲಿ ಮಹಾಕುಂಭವು ನಡೆಯುತ್ತಿರುವಾಗ, ನೀರು ಹಲವು ಸಲ ಸ್ನಾನದ ಮಾನದಂಡಕ್ಕೆ ಹೊಂದಲಿಲ್ಲವೆಂದು ಅದೇ ಮಂಡಲಿಯು ಹಸಿರು ನ್ಯಾಯಾಧಿಕರಣಕ್ಕೆ ತಿಳಿಸಿತು. ಮುಖ್ಯಮಂತ್ರಿ ಯೋಗಿ ಆದಿತ್ಯನಾಥರು ವಿಧಾನಸಭೆಯಲ್ಲಿ ಅದನ್ನು ನಿರಾಕರಿಸಿ, ನೀರು ಆಚಮನಕ್ಕೂ ಯೋಗ್ಯವೆಂದರು. ಬಳಿಕ ಮಂಡಲಿಯು ಅಂಕಿಗಳನ್ನು ಬೇರೆ ರೀತಿಯಲ್ಲಿ ವಿಶ್ಲೇಷಿಸಿ ನೀರು ಸ್ನಾನಯೋಗ್ಯವಾಗಿತ್ತೆಂದು ಮತ್ತೊಂದು ವರದಿಯನ್ನು ಕೊಟ್ಟಿತು. ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದ ಮಾಧವ ಗಾಡ್ಗೀಳರ ನೇತೃತ್ವದಲ್ಲಿ ಪಶ್ಚಿಮಘಟ್ಟಗಳನ್ನು ಕುರಿತು 2011ರಲ್ಲಿ ಸಿದ್ಧವಾದ ವರದಿಯನ್ನು ಘಟ್ಟದ ಸಾಲಿನ ರಾಜ್ಯಗಳು ಒಪ್ಪಲಿಲ್ಲ; ಅದಕ್ಕಿಂತ ಮೃದುವಾದ ಕಸ್ತೂರಿರಂಗನ್ ವರದಿಯನ್ನೂ 2024ರಲ್ಲಿ ಕರ್ನಾಟಕದ ಸಚಿವ ಸಂಪುಟವು ತಿರಸ್ಕರಿಸಿತು. ಕಾಶಿಯತ್ತ ಬೆರಳು ತೋರಿಸುವ ಕೈ ನಮ್ಮ ಮಡಿಲ ಕಡೆಗೂ ತಿರುಗಬೇಕಾಗಿದೆ.

ಇಷ್ಟೆಲ್ಲ ನಡೆಯುತ್ತಿರುವಾಗ ನದಿಯು ತನ್ನ ಮಾತನ್ನು ತಾನು ಆಡುತ್ತಲೇ ಇದೆ. ಕೇಂದ್ರ ಜಲ ಆಯೋಗದ ಲೆಕ್ಕದಲ್ಲಿ ವಾರಾಣಸಿಯ ಅಪಾಯದ ಮಟ್ಟ ಸಮುದ್ರಮಟ್ಟದಿಂದ 71.262 ಮೀಟರು, 1978ರ ಸೆಪ್ಟೆಂಬರಿನ ಮಹಾಪೂರದಲ್ಲಿ ನೀರು 73.901 ಮೀಟರಿಗೆ ಏರಿದ್ದನ್ನು ಮುದುಕರು ಇನ್ನೂ ನೆನೆಯುತ್ತಾರೆ. ಪೂರವು ಬಂದಾಗ ಸಂಜೆಯ ಆರತಿಯು ಮಾಳಿಗೆಗಳ ಮೇಲಕ್ಕೆ ಸರಿಯುತ್ತದೆ. ಮಣಿಕರ್ಣಿಕೆಯ ಚಿತೆಗಳು ಮೇಲಿನ ಜಗಲಿಗೆ ಏರುತ್ತವೆ. ಹರಿಶ್ಚಂದ್ರ ಘಾಟಿನಲ್ಲಿ ಹೆಣಗಳನ್ನು ಗಲ್ಲಿಯಲ್ಲಿಯೇ ಸುಡಬೇಕಾಗುತ್ತದೆ. ಅಂಬಿಗರ ದೋಣಿಗಳು ಕಟ್ಟಿಹಾಕಿದಲ್ಲೇ ಉಳಿದು ಅವರ ಒಲೆಗಳು ತಣ್ಣಗಾಗುತ್ತವೆ. ಬೇಸಗೆಯಲ್ಲಿ ಅದೇ ನದಿಯು ಎದುರು ದಡದ ಮರಳನ್ನು ಹಾಸಿಕೊಂಡು ಕೃಶವಾಗಿ ಮಲಗುತ್ತದೆ, ಲೂ ಎಂಬ ಬಿಸಿಗಾಳಿಯು ಮೆಟ್ಟಿಲುಗಳನ್ನು ಕಾಯಿಸುತ್ತದೆ. ಕಾಶಿಯ ಮುಂದೆ ಹರಿಯುವ ನೀರಿನ ಬಹುಪಾಲು ಮಳೆಯದು, ಅಂತರ್ಜಲದ್ದು. ಹಿಮದ ಪಾಲು ಅಲ್ಪ. ಆದರೆ ತಾಪವು ಏರಿದಂತೆ ಗಾಳಿಯು ಹೆಚ್ಚು ತೇವವನ್ನು ಹೊರುತ್ತದೆ, ಮಳೆಯು ಕೆಲವೇ ದಿನಗಳಲ್ಲಿ ಬಿರುಸಾಗಿ ಸುರಿದು ಉಳಿದ ದಿನಗಳನ್ನು ಬರಿದು ಮಾಡುತ್ತದೆಂಬುದು ವಿಜ್ಞಾನದ ಸಿದ್ಧಾಂತ. ಒಂದು ಪೂರವನ್ನು ಹಿಡಿದು ಇದು ಅದರ ಫಲವೆಂದು ಸಾಧಿಸುವುದು ಆತುರ. ಎಲ್ಲ ಪೂರಗಳೂ ಹಿಂದಿನವೇ ಎಂದು ಸುಮ್ಮನಿರುವುದು ಅದಕ್ಕಿಂತ ದೊಡ್ಡ ಆತುರ.

ಗೌತಮನ ಶಾಸ್ತ್ರವು ವಾದಿಯು ಸೋಲುವ ಇಪ್ಪತ್ತೆರಡು ನಿಗ್ರಹಸ್ಥಾನಗಳನ್ನು ಹೇಳುತ್ತದೆ. ಉತ್ತರ ತೋಚದಿರುವುದು ಒಂದು, ಹೇಳಿದ್ದನ್ನೇ ಹೇಳುವುದು ಒಂದು, ತನ್ನ ಪ್ರತಿಜ್ಞೆಯನ್ನು ತಾನೇ ಬಿಡುವುದು ಒಂದು. ಅವುಗಳ ನಡುವೆ ವಿಕ್ಷೇಪವೆಂಬುದೊಂದಿದೆ: ಬೇರೆ ಕೆಲಸವಿದೆಯೆಂದು ನೆಪವೊಡ್ಡಿ ಚರ್ಚೆಯನ್ನು ಮಧ್ಯದಲ್ಲಿ ನಿಲ್ಲಿಸಿ ಎದ್ದುಹೋಗುವುದು. ಹಾಗೆ ಎದ್ದುಹೋದವನು ಸೋತವನೆಂದೇ ಸಭೆಯು ಭಾವಿಸುತ್ತಿತ್ತು. ಎರಡು ನೂರು ವರ್ಷಗಳ ಈ ಚರಿತ್ರೆಯಲ್ಲಿ ಆಳುವವರು ವಿಜ್ಞಾನವನ್ನು ಖಂಡಿಸಿ ಗೆದ್ದ ಪ್ರಸಂಗವು ನನಗೆ ಒಂದೂ ಕಾಣದು. ವಿಕ್ಷೇಪದ ಪ್ರಸಂಗಗಳಾದರೋ ಹೆಜ್ಜೆಹೆಜ್ಜೆಗೆ ಕಾಣುತ್ತವೆ. ಇನ್ನಷ್ಟು ಅಧ್ಯಯನವಾಗಲಿ, ಮುಂದಿನ ಯೋಜನೆಯಲ್ಲಿ ನೋಡೋಣ, ಚುನಾವಣೆ ಕಳೆಯಲಿ, ಮೊದಲು ಶ್ರೀಮಂತ ದೇಶಗಳು ಮಾಡಲಿ. ಸಂಶಯದ ವೇಷವನ್ನು ತೊಟ್ಟ ಈ ಮುಂದೂಡಿಕೆಯೇ ನಮ್ಮ ಕಾಲದ ವಿತಂಡ.

ಅದಕ್ಕೆ ಉತ್ತರವೂ ಕಾಶಿಯಲ್ಲಿಯೇ ಇದೆ. ಮೈಸೂರು ಸಂಸ್ಥಾನವು ಕಟ್ಟಿಸಿದ ಕರ್ನಾಟಕ ಘಾಟಿನಲ್ಲಿ ಇಳಿದ ನಮ್ಮ ಯಾತ್ರಿಕರು, ದಡವನ್ನು ಹಿಡಿದು ದಕ್ಷಿಣಕ್ಕೆ ತುಸು ದೂರ ನಡೆದರೆ ತುಲಸೀಘಾಟು ಸಿಗುತ್ತದೆ. ಆ ಮೆಟ್ಟಿಲುಗಳ ಮೇಲೆ ಒಂದು ಕಾಲದಲ್ಲಿ ಒಬ್ಬನೇ ಮನುಷ್ಯನು ಬೆಳಿಗ್ಗೆ ಮುಳುಗಿ ಎದ್ದು ಅರ್ಘ್ಯವನ್ನು ಕೊಡುತ್ತಿದ್ದನು. ಅದೇ ನೀರು ಸೀಸೆಯಲ್ಲಿ ತುಂಬಿ, ಎಣಿಕೆಗಾಗಿ ಅವನ ಪ್ರಯೋಗಶಾಲೆಯನ್ನು ಸೇರುತ್ತಿತ್ತು. ಅರ್ಘ್ಯದ ನೀರೂ ಸೀಸೆಯ ನೀರೂ ಅವನಿಗೆ ಬೇರೆಯಾಗಿರಲಿಲ್ಲ. ಬೆಸುಗೆ ಹಾಕಿದ ಗಿಂಡಿಯನ್ನು ಪೂಜಿಸಿದ ನಮ್ಮ ಅಜ್ಜಿಯರ ಶ್ರದ್ಧೆಯನ್ನು ನಾನು ಹಗುರವಾಗಿ ಕಾಣಲಾರೆ. ಸಾಯುವವರ ಬಾಯಿಗೆ ಅವರು ಎರೆದುದು ತಮ್ಮಲ್ಲಿದ್ದ ಅತ್ಯುತ್ತಮವಾದುದನ್ನು. ಆದರೆ ಅವರ ಮೊಮ್ಮಕ್ಕಳಾದ ನಮ್ಮ ಪಾಲಿಗೆ ಬಂದಿರುವ ಕೆಲಸವೆಂದರೆ ಆ ಗಿಂಡಿಯನ್ನು ಬದುಕಿರುವಾಗಲೇ ತೆರೆದು, ಒಳಗೆ ಏನಿದೆಯೆಂದು ಬೆಳಕಿಗೆ ಹಿಡಿದು ನೋಡುವುದು. ನೋಡಿದ ಮೇಲೆ, ಸಭೆಯಿಂದ ಎದ್ದುಹೋಗದೆ ಕುಳಿತಿರುವುದು.